ಇಮಿಗ್ರೇಷನ್ ಆಗುವುದು ಮೊದಲು ಇಳಿದ ಊರಲ್ಲಿ: ಅಮೆರಿಕಕ್ಕೆ ಓದಲು ಹೊರಟವರಿಗೆ ದಾರಿಯ ವಿವರ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಶಿಕಾಗೊ, ಶಿಕಾಗೊದಿಂದ ಇಂಡಿಯಾನಾಪೊಲಿಸ್. ಮೂರು ವಿಮಾನ, ಒಂದೇ ಟಿಕೆಟ್. ಆಗಸ್ಟ್ ಬಂತೆಂದರೆ ಇಂಥ ಟಿಕೆಟ್ ಹಿಡಿದ ಹುಡುಗ ಹುಡುಗಿಯರು ಕೆಂಪೇಗೌಡ ವಿಮಾನ ನಿಲ್ದಾಣದ ಟರ್ಮಿನಲ್ 2ರ ಬಾಗಿಲಲ್ಲಿ ಮನೆಯವರ ಜೊತೆ ನಿಂತಿರುತ್ತಾರೆ. ಅವರಲ್ಲಿ ಬಹಳ ಮಂದಿಗೆ ಒಂದು ತಪ್ಪು ಕಲ್ಪನೆ ಇರುತ್ತದೆ. ಕಾಲೇಜು ಇರುವ ಊರಿಗೆ ಹೋಗಿ ಇಳಿದ ಮೇಲೆ ಇಮಿಗ್ರೇಷನ್, ಅಲ್ಲೇ ಬ್ಯಾಗು, ಅಷ್ಟು ಹೊತ್ತಿಗೆ ಕರೆದುಕೊಂಡು ಹೋಗಲು ಸೀನಿಯರ್ ಬಂದಿರುತ್ತಾರೆ ಅಂತ.

ಹಾಗಲ್ಲ. ಅಮೆರಿಕದ ನೆಲದಲ್ಲಿ ನೀವು ಮೊದಲು ಇಳಿಯುವ ನಿಲ್ದಾಣದಲ್ಲೇ ಎಲ್ಲ ಮುಗಿಯಬೇಕು. ಮೇಲಿನ ಟಿಕೆಟ್ಟಿನಲ್ಲಿ ಅದು ಶಿಕಾಗೊ. ಅಲ್ಲೇ ಅಧಿಕಾರಿಯ ಮುಂದೆ ನಿಲ್ಲಬೇಕು, ಅಲ್ಲೇ ಬ್ಯಾಗ್ ಎತ್ತಿಕೊಳ್ಳಬೇಕು, ಕಸ್ಟಮ್ಸ್ ದಾಟಬೇಕು, ಬ್ಯಾಗ್ ಮತ್ತೆ ಒಪ್ಪಿಸಬೇಕು, ಸೆಕ್ಯುರಿಟಿ ದಾಟಿ ಮುಂದಿನ ವಿಮಾನ ಹಿಡಿಯಬೇಕು. ಇಂಡಿಯಾನಾಪೊಲಿಸ್‌ನಲ್ಲಿ ನೀವು ದೇಶದೊಳಗಿನ ಪ್ರಯಾಣಿಕರ ಹಾಗೆ ಇಳಿದು ಹೊರಗೆ ನಡೆಯುತ್ತೀರಿ, ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಇಡೀ ಪ್ರಯಾಣದ ಕಷ್ಟ ಆ ನಡುವಿನ ನಿಲ್ದಾಣದಲ್ಲೇ ಇದೆ. ಟಿಕೆಟ್ ಕೊಳ್ಳುವುದರಿಂದ ಹಿಡಿದು ಚಟ್ನಿಪುಡಿ ಎಲ್ಲಿಡಬೇಕು ಅನ್ನುವ ತನಕ ಎಲ್ಲವನ್ನೂ ಅದನ್ನು ನೆನಪಿಟ್ಟುಕೊಂಡೇ ಮಾಡಿ.

ಟಿಕೆಟ್ ಕೊಳ್ಳುವಾಗಲೇ

ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಕನಿಷ್ಠ 3 ಗಂಟೆ ಇರಲಿ. 4 ಇದ್ದರೆ ಇನ್ನೂ ಒಳ್ಳೆಯದು. ವಿಮಾನ ಕಂಪನಿಗಳು ಒಂದೂವರೆ ಗಂಟೆಯ ಅಂತರಕ್ಕೂ ಟಿಕೆಟ್ ಮಾರುತ್ತವೆ, ಅದು ಅವರ ಲೆಕ್ಕದಲ್ಲಿ ಸರಿ. ಆದರೆ ಆಗಸ್ಟ್ ತಿಂಗಳಲ್ಲಿ ನಾಲ್ಕೈದು ದೊಡ್ಡ ವಿಮಾನಗಳು ಒಟ್ಟಿಗೇ ಇಳಿದರೆ ಇಮಿಗ್ರೇಷನ್ ಸಾಲೊಂದೇ ಎರಡು ಗಂಟೆ ನುಂಗಬಹುದು. ಮೊದಲ ಸಲ ಹೋಗುವವರಿಗೆ ನಾನು ಒಂದೂವರೆ ಗಂಟೆಯ ಟಿಕೆಟ್ ಬೇಡ ಅಂತಲೇ ಹೇಳುತ್ತೇನೆ, ಎಷ್ಟೇ ಅಗ್ಗವಾದರೂ.

ಎರಡನೆಯದು, ಎಲ್ಲ ವಿಮಾನಗಳೂ ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಆಗ ಸಾಲಿನಲ್ಲಿ ತಡವಾಗಿ ಮುಂದಿನ ವಿಮಾನ ತಪ್ಪಿದರೆ ಇನ್ನೊಂದರಲ್ಲಿ ಕೂರಿಸುವುದು ಕಂಪನಿಯ ಹೊಣೆ. ಶಿಕಾಗೊ ತನಕ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯ ಅಗ್ಗದ ಟಿಕೆಟ್ ಅಂತ ಉಳಿಸಲು ಹೋದರೆ, ತಪ್ಪಿದ ವಿಮಾನದ ದುಡ್ಡು ನಿಮ್ಮ ಕೈಯಿಂದಲೇ ಹೋಗುತ್ತದೆ. ಸಾಮಾನಿಗೂ ಮತ್ತೆ ದುಡ್ಡು ಕಟ್ಟಬೇಕಾಗುತ್ತದೆ.

ಮೂರನೆಯದು ಯುರೋಪಿನ ಲೆಕ್ಕ. ಮಾನ್ಯ ಅಮೆರಿಕ ವೀಸಾ ಇದ್ದವರು ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಂಥ ಕಡೆ ನಿಲ್ದಾಣದ ಅಂತರರಾಷ್ಟ್ರೀಯ ಭಾಗದೊಳಗೇ ವಿಮಾನ ಬದಲಿಸುವುದಾದರೆ ಬೇರೆ ಟ್ರಾನ್ಸಿಟ್ ವೀಸಾ ಬೇಡ. ಆದರೆ ಟಿಕೆಟ್ಟಿನಲ್ಲಿ ಎರಡು ಯುರೋಪ್ ಊರುಗಳು ಇವೆಯಾ ನೋಡಿ. ಬೆಂಗಳೂರು, ಫ್ರಾಂಕ್‌ಫರ್ಟ್, ಮ್ಯೂನಿಕ್, ಆಮೇಲೆ ಶಿಕಾಗೊ ಅಂತಿದ್ದರೆ ಫ್ರಾಂಕ್‌ಫರ್ಟ್‌ನಿಂದ ಮ್ಯೂನಿಕ್‌ಗೆ ಹಾರುವುದು ಅವರ ಲೆಕ್ಕದಲ್ಲಿ ದೇಶದೊಳಗಿನ ಪ್ರಯಾಣ. ಅದಕ್ಕೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ವೀಸಾ, ಬೇಕು. ಅದಿಲ್ಲದಿದ್ದರೆ ಬೆಂಗಳೂರಿನ ಕೌಂಟರ್‌ನಲ್ಲೇ ನಿಲ್ಲಿಸಿಬಿಡುತ್ತಾರೆ. ಟಿಕೆಟ್ ಹುಡುಕುವ ಜಾಲತಾಣಗಳು ಇದನ್ನು ಎಚ್ಚರಿಸದೆ ಮಾರುತ್ತವೆ. ದುಬೈ, ದೋಹಾ ಮೂಲಕ ಹೋದರೆ ಈ ತೊಡಕಿಲ್ಲ.

ತಾರೀಕು ಕೂಡ ನೋಡಿಕೊಳ್ಳಿ. ಹೊಸ ವಿದ್ಯಾರ್ಥಿಗಳು ಐ-20ಯಲ್ಲಿ, ಅಂದರೆ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ನಮೂನೆಯಲ್ಲಿ, ಬರೆದ ಕೋರ್ಸ್ ಶುರುವಾಗುವ ದಿನಕ್ಕಿಂತ 30 ದಿನ ಮುಂಚಿನಿಂದ ಮಾತ್ರ ಅಮೆರಿಕದೊಳಗೆ ಕಾಲಿಡಬಹುದು. ಆ ಮೊದಲ ದಿನಾಂಕವನ್ನು ಐ-20ಯ ಮೊದಲ ಪುಟದಲ್ಲೇ ಅಚ್ಚು ಹಾಕಿರುತ್ತಾರೆ. ವೀಸಾ ಕೈಯಲ್ಲಿದೆ ಅಂತ ಅದಕ್ಕೂ ಮುಂಚೆ ಹೋದರೆ ಬಾಗಿಲಿನಿಂದಲೇ ವಾಪಸ್ ಕಳಿಸಬಹುದು.

ಕೈಯಲ್ಲಿ ಇಟ್ಟುಕೊಳ್ಳುವ ಫೈಲು

ಕಾಗದಗಳೆಲ್ಲ ಹೆಗಲ ಬ್ಯಾಗಿನಲ್ಲೇ ಇರಬೇಕು. ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿದರೆ ಇಮಿಗ್ರೇಷನ್ ಹೊತ್ತಿಗೆ ನಿಮ್ಮ ಕೈಗೆ ಸಿಗುವುದಿಲ್ಲ, ಯಾಕೆಂದರೆ ಬ್ಯಾಗ್ ಸಿಗುವುದೇ ಅಧಿಕಾರಿಯನ್ನು ದಾಟಿದ ಮೇಲೆ.

ಪಾಸ್‌ಪೋರ್ಟ್ ಮತ್ತು ಅದರಲ್ಲಿ ಅಂಟಿಸಿದ ಎಫ್-1 ಎಂಬ ವಿದ್ಯಾರ್ಥಿ ವೀಸಾ. ಸಹಿ ಇರುವ ಐ-20. ಸೆವಿಸ್, ಅಂದರೆ ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಅಮೆರಿಕ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ, ಅದರ ಶುಲ್ಕ 350 ಡಾಲರ್ ಕಟ್ಟಿದ ರಸೀದಿ. ವಿಶ್ವವಿದ್ಯಾಲಯದ ಪ್ರವೇಶ ಪತ್ರ. ದುಡ್ಡಿನ ದಾಖಲೆ, ಅಂದರೆ ಬ್ಯಾಂಕ್ ಸಾಲ ಮಂಜೂರಾದ ಪತ್ರ, ಅಪ್ಪ ಅಮ್ಮನ ಖಾತೆಯ ವಿವರ ಅಥವಾ ಸ್ಕಾಲರ್‌ಶಿಪ್ ಪತ್ರ. ಇಷ್ಟು ಸಾಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಿಂದ ಹಿಡಿದು ಎಲ್ಲವನ್ನೂ ಆ ಫೈಲಿಗೆ ತುಂಬಬೇಡಿ, ಬೇಕಾದಾಗ ಬೇಕಾದದ್ದು ಸಿಗುವುದಿಲ್ಲ. ಅವನ್ನು ಬೇರೆ ಕವರಿನಲ್ಲಿ ಇಡಿ.

ಐ-20ಯನ್ನು ಒಮ್ಮೆ ಬೆಳಕಿನಲ್ಲಿ ಹಿಡಿದು ನಿಧಾನವಾಗಿ ಓದಿ. ಮೇಲ್ಭಾಗದಲ್ಲಿ ಎನ್ ಅಕ್ಷರದಿಂದ ಶುರುವಾಗುವ ಸೆವಿಸ್ ಸಂಖ್ಯೆ ಇರುತ್ತದೆ. ಅದು ವೀಸಾದ ಮೇಲಿನ ಸಂಖ್ಯೆಗೂ ಶುಲ್ಕದ ರಸೀದಿಯ ಸಂಖ್ಯೆಗೂ ಹೊಂದಬೇಕು. ಕೆಲವರು ಎರಡು ಮೂರು ಕಾಲೇಜುಗಳ ಐ-20 ತರಿಸಿರುತ್ತಾರೆ. ಒಂದರ ಮೇಲೆ ವೀಸಾ ಪಡೆದು ಇನ್ನೊಂದನ್ನು ಫೈಲಿನಲ್ಲಿ ಇಟ್ಟುಕೊಂಡು ಹೊರಟರೆ ಕೌಂಟರ್‌ನಲ್ಲಿ ತೊಂದರೆ ಖಂಡಿತ. ಹೆಸರಿನ ಅಕ್ಷರ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ, ಅಪ್ಪನ ಹೆಸರನ್ನೋ ಊರ ಹೆಸರನ್ನೋ ಸರ್‌ನೇಮ್ ಮಾಡುವಾಗ ಎಡವಟ್ಟಾಗುವುದು ಜಾಸ್ತಿ. ವ್ಯತ್ಯಾಸ ಕಂಡರೆ ಹೊರಡುವ ಮುಂಚೆ ವಿಶ್ವವಿದ್ಯಾಲಯಕ್ಕೆ ಬರೆದು ತಿದ್ದಿಸಿ. ಮೊದಲ ಪುಟದ ಕೆಳಗೆ ಡಿಎಸ್‌ಒ, ಅಂದರೆ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿ, ಸಹಿ ಮಾಡಿರುತ್ತಾರೆ. ಅದರ ಕೆಳಗೆ ನಿಮ್ಮ ಸಹಿಗೆ ಜಾಗ ಇರುತ್ತದೆ. ಪೆನ್ನಿನಲ್ಲಿ ಸಹಿ ಹಾಕಿ. ಇದನ್ನು ಮರೆಯುವವರು ಎಷ್ಟೋ ಜನ.

ರಜೆಗೆ ಊರಿಗೆ ಬಂದು ವಾಪಸ್ ಹೋಗುತ್ತಿರುವವರಾದರೆ ಎರಡನೇ ಪುಟ ನೋಡಿ. ಪ್ರಯಾಣಕ್ಕೆ ಅಂತ ಡಿಎಸ್‌ಒ ಹಾಕಿದ ಸಹಿ 12 ತಿಂಗಳಿಗಿಂತ ಹಳೆಯದಾಗಿರಬಾರದು. ಓದು ಮುಗಿಸಿ ಒಪಿಟಿಯಲ್ಲಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿಯ ಮೇಲೆ, ಇರುವವರಿಗೆ 6 ತಿಂಗಳು.

ಇನ್ನೊಂದು ಹಾಳೆಯ ಮೇಲೆ ನೀವೇ ಕೈಯಲ್ಲಿ ಬರೆದುಕೊಳ್ಳಿ: ಉಳಿಯುವ ಮನೆಯ ಪೂರ್ತಿ ವಿಳಾಸ ಪಿನ್‌ಕೋಡ್ ಸಮೇತ, ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕಚೇರಿಯ ಫೋನ್, ಅವರ ತುರ್ತು ಸಂಖ್ಯೆ, ಕರೆದುಕೊಂಡು ಹೋಗಲು ಬರುವವರ ಫೋನ್. ಇಮಿಗ್ರೇಷನ್ ಹಾಲ್‌ನಲ್ಲಿ ಫೋನ್ ಬಳಸುವ ಹಾಗಿಲ್ಲ. ವಾಟ್ಸಾಪ್ ತೆಗೆದು ವಿಳಾಸ ಹುಡುಕುತ್ತೇನೆ ಅಂದರೆ ಆಗುವುದಿಲ್ಲ. ಬ್ಯಾಟರಿ ಸತ್ತರೂ ಹಾಳೆ ಕೈಯಲ್ಲಿರುತ್ತದೆ.

ಬ್ಯಾಗಿನಲ್ಲಿ ಏನು, ಏನು ಬೇಡ

ಮನೆಯವರ ಪ್ರೀತಿ ಎಲ್ಲ ಸೂಟ್‌ಕೇಸಿಗೆ ಇಳಿಯುವ ಹೊತ್ತು ಇದು. ಅಜ್ಜಿಯೋ ಅತ್ತೆಯೋ ಎರಡು ಕೆಜಿ ಸೋನಾಮಸೂರಿ ಕೂಡ ಹಾಕಿಬಿಡುತ್ತಾರೆ. ಬೇಡ. ಭಾರತದಿಂದ ಹೋಗುವವರು ಸಾಮಾನಿನಲ್ಲಿ ಅಕ್ಕಿ ಒಯ್ಯುವಂತಿಲ್ಲ. ಖಾಪ್ರಾ ಎಂಬ ಹುಳು ಧಾನ್ಯದ ಜೊತೆ ಬರುತ್ತದೆ ಅನ್ನುವ ಭಯ ಅಮೆರಿಕದವರಿಗೆ. ಹಸಿ ಕರಿಬೇವು ಕೂಡ ಇಲ್ಲ, ನಿಂಬೆ ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೆ ಬದುಕುತ್ತದೆ. ಹಣ್ಣು, ಬಿತ್ತನೆ ಬೀಜ, ಗಿಡದ ಕಡ್ಡಿ, ಮಾಂಸದ ಪದಾರ್ಥ, ಇವೂ ಬೇಡ. ಬೆಂಗಳೂರಿನಲ್ಲಿ ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಿಂದ ತೆಗೆಸಿಬಿಡುತ್ತಾರೆ, ಬೇಗ ಬೆಂಕಿ ಹಿಡಿಯುತ್ತದೆ ಅಂತ.

ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಚಕ್ಕುಲಿ, ಕೋಡುಬಳೆ ಚೆಕ್-ಇನ್ ಬ್ಯಾಗಿನಲ್ಲಿ ಹೋಗಲಿ. ಗೊಜ್ಜು, ಉಪ್ಪಿನಕಾಯಿ ಸೆಕ್ಯುರಿಟಿಯವರ ಕಣ್ಣಿಗೆ ದ್ರವ ಪದಾರ್ಥ, 100 ಎಂಎಲ್ ಮೀರಿದರೆ ಕೈಚೀಲದಲ್ಲಿ ಬಿಡುವುದಿಲ್ಲ. ಪುಡಿಗೂ ಒಂದು ಮಿತಿ ಇದೆ. ಅಮೆರಿಕಕ್ಕೆ ಹಾರುವ ವಿಮಾನಗಳಲ್ಲಿ ಸುಮಾರು 350 ಎಂಎಲ್ ಡಬ್ಬಿಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ತಡೆಯಬಹುದು. ಪವರ್ ಬ್ಯಾಂಕ್ ಮಾತ್ರ ತಿರುಗಾಮುರುಗಾ, ಅದು ಕೈಚೀಲದಲ್ಲೇ ಇರಬೇಕು. ಪೊಟ್ಟಣಗಳ ಮೇಲೆ ಇಂಗ್ಲಿಷಿನಲ್ಲಿ ಏನೆಂದು ಬರೆದು ಅಂಟಿಸಿ. ಅಂಗಡಿಯ ಸೀಲ್ ಇರುವ ಪ್ಯಾಕೆಟ್ ಆದರೆ ಬೇಗ ಬಿಡುತ್ತಾರೆ.

ನಗದು ಡಾಲರ್ ನೋಟುಗಳನ್ನು ಭಾರತದಿಂದ ಒಂದು ಸಲಕ್ಕೆ 3000ದ ತನಕ ಒಯ್ಯಬಹುದು, ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿರಲಿ.

ಬೆಂಗಳೂರಿನ ಕೌಂಟರ್‌ನಲ್ಲಿ ಕೇಳಬೇಕಾದ ಮಾತು

ಮೂರೂ ವಿಮಾನದ ಬೋರ್ಡಿಂಗ್ ಪಾಸ್ ಇಲ್ಲೇ ಕೊಡಿ ಅಂತ ಕೇಳಿ. ಬ್ಯಾಗಿನ ಟ್ಯಾಗ್ ಮೇಲೆ ಕೊನೆಯ ಊರಿನ ಕೋಡ್ ಇರುತ್ತದೆ, ನಮ್ಮ ಉದಾಹರಣೆಯಲ್ಲಿ ಐಎನ್‌ಡಿ. ಅದನ್ನು ನೋಡಿ "ಬ್ಯಾಗ್ ನೇರ ಇಂಡಿಯಾನಾಪೊಲಿಸ್‌ಗೆ ಹೋಗುತ್ತೆ" ಅಂತ ಕೌಂಟರ್‌ನವರು ಹೇಳಬಹುದು. ಟ್ಯಾಗ್ ನೇರ ಹೌದು. ಆದರೂ ಶಿಕಾಗೊದಲ್ಲಿ ನೀವೇ ಬ್ಯಾಗ್ ಎತ್ತಿ, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಡಬೇಕು. ಟ್ಯಾಗಿನ ಚೀಟಿ ತುಂಡುಗಳನ್ನು ಪಾಸ್‌ಪೋರ್ಟ್ ಕವರಿಗೆ ಅಂಟಿಸಿಕೊಳ್ಳಿ, ಬ್ಯಾಗ್ ಕಾಣೆಯಾದರೆ ಅದೇ ಆಧಾರ. ಸೂಟ್‌ಕೇಸಿನ ಒಂದು ಫೋಟೊ ಫೋನಿನಲ್ಲಿರಲಿ.

ಮಂಗಳೂರು, ಹುಬ್ಬಳ್ಳಿ, ಬೆಳಗಾವಿಯಿಂದ ಹೊರಟವರು ಮುಂಬೈಯಲ್ಲೋ ದೆಹಲಿಯಲ್ಲೋ ಬದಲಿಸುತ್ತಿದ್ದರೆ, ಭಾರತದ ಇಮಿಗ್ರೇಷನ್ ಮುದ್ರೆ ದೇಶ ಬಿಡುವ ಆ ಕೊನೆಯ ನಿಲ್ದಾಣದಲ್ಲಿ ಬೀಳುತ್ತದೆ. ಊರಿನ ನಿಲ್ದಾಣದಲ್ಲಿ ಯಾರೂ ಮುದ್ರೆ ಹಾಕಲಿಲ್ಲ ಅಂತ ಗಾಬರಿ ಬೇಡ.

ಫ್ರಾಂಕ್‌ಫರ್ಟ್‌ನಲ್ಲಿ ಹೊರಗೆ ಹೋಗುವ ಬಾಣದ ಗುರುತು ಬಿಟ್ಟು ಕನೆಕ್ಟಿಂಗ್ ಫ್ಲೈಟ್ ಎಂದು ಬರೆದ ದಾರಿ ಹಿಡಿಯಿರಿ. ಮತ್ತೊಮ್ಮೆ ಸೆಕ್ಯುರಿಟಿ ಇರುತ್ತದೆ. ಅಮೆರಿಕದ ವಿಮಾನದ ಗೇಟಿನಲ್ಲಿ ಪಾಸ್‌ಪೋರ್ಟ್, ವೀಸಾ ಇನ್ನೊಮ್ಮೆ ನೋಡುತ್ತಾರೆ, ಕೆಲವೊಮ್ಮೆ ಐ-20 ಕೂಡ ಕೇಳುತ್ತಾರೆ. ಬೋರ್ಡಿಂಗ್ ಪಾಸ್ ಮೇಲೆ ನಾಲ್ಕು ಎಸ್ ಅಕ್ಷರ ಅಚ್ಚಾಗಿದ್ದರೆ ನಿಮ್ಮನ್ನು ಪಕ್ಕಕ್ಕೆ ಕರೆದು ಬ್ಯಾಗ್ ಬಿಚ್ಚಿ ನೋಡುತ್ತಾರೆ. ಅದಕ್ಕೆ ಸ್ವಲ್ಪ ಮುಂಚೆಯೇ ಗೇಟಿಗೆ ಹೋಗಿ.

ಶಿಕಾಗೊ: ಸಾಲು ಮತ್ತು ಕೌಂಟರ್

ವಿಮಾನ ಇಳಿಯುವ ಮುಂಚೆ ಮುಖ ತೊಳೆದು, ನೀರು ಕುಡಿದು, ಶೌಚಾಲಯಕ್ಕೆ ಹೋಗಿ ಬನ್ನಿ. ಸಾಲಿನಲ್ಲಿ ನಿಂತ ಮೇಲೆ ಹೊರಗೆ ಬರುವುದು ಕಷ್ಟ. ಪೆನ್ ಜೇಬಿನಲ್ಲಿರಲಿ.

ಹೊರಗಿನಿಂದ ಬರುವ ವಿಮಾನಗಳು ಶಿಕಾಗೊದ ಒ'ಹೇರ್ ನಿಲ್ದಾಣದಲ್ಲಿ ಟರ್ಮಿನಲ್ 5ಕ್ಕೆ ಬರುತ್ತವೆ. ಇಳಿದು ಜನರ ಹಿಂದೆ ನಡೆದರೆ ಇಮಿಗ್ರೇಷನ್ ಹಾಲ್ ಸಿಗುತ್ತದೆ. ಅಲ್ಲಿ ಸಾಲು ಎರಡು ಬಗೆ: ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇದ್ದವರು ಒಂದು ಕಡೆ. ವೀಸಾ ಮೇಲೆ ಬಂದವರು ಇನ್ನೊಂದು ಕಡೆ. ನಿಮ್ಮದು ಎರಡನೆಯದು. ಫೋನಿನಲ್ಲಿ ವಿವರ ತುಂಬಿ ಬೇಗ ದಾಟುವ ಮೊಬೈಲ್ ಪಾಸ್‌ಪೋರ್ಟ್ ಕಂಟ್ರೋಲ್ ಆ್ಯಪ್ ಎಫ್-1 ವಿದ್ಯಾರ್ಥಿಗಳಿಗೆ ಇಲ್ಲ. ಅದರ ಸಾಲಿನಲ್ಲಿ ನಿಂತರೆ ವಾಪಸ್ ಕಳಿಸುತ್ತಾರೆ, ಸುಮ್ನೆ ಅರ್ಧ ಗಂಟೆ ಹಾಳು.

ಮುಂದಿನ ವಿಮಾನಕ್ಕೆ ಹೊತ್ತು ಕಡಿಮೆಯಾಗುತ್ತಿದ್ದರೆ ಸಾಲು ನೋಡಿಕೊಳ್ಳುವ ಸಿಬ್ಬಂದಿಗೆ ಬೋರ್ಡಿಂಗ್ ಪಾಸ್ ತೋರಿಸಿ ವಿನಯವಾಗಿ ಕೇಳಿ. ಕೆಲವೊಮ್ಮೆ ಮುಂದೆ ಬಿಡುತ್ತಾರೆ, ಕೆಲವೊಮ್ಮೆ ಇಲ್ಲ. ಇಲ್ಲ ಅಂದರೆ ವಾದ ಬೇಡ.

ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ಮತ್ತು ಐ-20 ಎರಡನ್ನೂ ಒಟ್ಟಿಗೇ ಕೊಡಿ. ಉಳಿದವು ಕೇಳಿದಾಗ. ಬೆರಳಚ್ಚು ತೆಗೆಯುತ್ತಾರೆ, ಫೋಟೊ ತೆಗೆಯುತ್ತಾರೆ. ಟೋಪಿ, ಕಪ್ಪು ಕನ್ನಡಕ ಮುಂಚೆಯೇ ತೆಗೆದಿರಲಿ. ಪ್ರಶ್ನೆಗಳು ಹೆಚ್ಚೇನಿಲ್ಲ. ಯಾಕೆ ಬಂದಿದ್ದೀರಿ? ಯಾವ ಯೂನಿವರ್ಸಿಟಿ? ಏನು ಓದುತ್ತೀರಿ? ಖರ್ಚು ಯಾರು ನೋಡಿಕೊಳ್ಳುತ್ತಾರೆ? ಎಲ್ಲಿ ಉಳಿಯುತ್ತೀರಿ? ಎಷ್ಟು ದುಡ್ಡು ತಂದಿದ್ದೀರಿ? ತಿನ್ನುವ ವಸ್ತು ಇದೆಯಾ?

ಕೇಳಿದಷ್ಟಕ್ಕೆ ಉತ್ತರ ಕೊಡಿ. "ಪರ್ಡ್ಯೂ ಯೂನಿವರ್ಸಿಟಿ, ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್., ಎರಡು ವರ್ಷ" ಅಂದರೆ ಸಾಕು. ಖರ್ಚು ಅಪ್ಪ ಮತ್ತು ಬ್ಯಾಂಕ್ ಸಾಲ ಅಂದರೆ ಅಷ್ಟೇ ಹೇಳಿ, ಜಮೀನಿನ ಕತೆ ಬೇಡ. ಅವರ ಉಚ್ಚಾರಣೆ ಅರ್ಥವಾಗದಿದ್ದರೆ ಊಹೆ ಮಾಡಿ ಹೌದು ಅನ್ನಬೇಡಿ. ಇನ್ನೊಮ್ಮೆ ಹೇಳಿ ಅಂತ ಕೇಳಿ, ಅದರಲ್ಲಿ ಸಂಕೋಚ ಏನೂ ಬೇಕಿಲ್ಲ. ನಮ್ಮ ಮಕ್ಕಳು ದೊಡ್ಡವರಿಗೆ ಎದುರು ಪ್ರಶ್ನೆ ಕೇಳಬಾರದು ಅಂತ ಬೆಳೆದಿರುತ್ತಾರೆ, ತಲೆ ಆಡಿಸಿ ಹೌದು ಹೌದು ಅಂದುಬಿಡುತ್ತಾರೆ. ಇಲ್ಲಿ ಅದು ಅಪಾಯ. ತಲೆ ಆಡಿಸುವುದೂ ಬೇಡ, ಬಾಯಲ್ಲೇ ಹೇಳಿ.

ಕೆಲಸದ ಪ್ರಶ್ನೆಗೆ ವಿಶೇಷ ಎಚ್ಚರ ಬೇಕು. ಎಫ್-1 ಓದಲು ಕೊಟ್ಟ ವೀಸಾ. ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಯ ತನಕ ಕ್ಯಾಂಪಸ್ ಒಳಗೆ ದುಡಿಯಬಹುದು, ಅನುಮತಿ ಇಲ್ಲದೆ ಹೊರಗೆ ದುಡಿಯುವಂತಿಲ್ಲ. "ಪಾರ್ಟ್ ಟೈಮ್ ಮಾಡಿ ಫೀಸ್ ಕಟ್ತೀನಿ" ಅನ್ನುವ ಮಾತು ನಿಮ್ಮ ದುಡ್ಡಿನ ಕಾಗದಗಳಿಗೇ ವಿರುದ್ಧ ಹೋಗುತ್ತದೆ. ಫೋನ್, ಲ್ಯಾಪ್‌ಟಾಪ್ ತೆರೆದು ನೋಡುವ ಅಧಿಕಾರ ಅವರಿಗಿದೆ. ಪರಿಚಯದವರ ಅಂಗಡಿಯಲ್ಲಿ ಕೆಲಸ ಕೊಡಿಸುವ ಮಾತುಕತೆ ಅದರಲ್ಲಿ ಸಿಕ್ಕರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಅಂಥ ಏರ್ಪಾಡೇ ಮಾಡಿಕೊಳ್ಳಬೇಡಿ.

ತಿಂಡಿ ಇದೆಯಾ ಅಂದರೆ ಇದೆ ಅನ್ನಿ. ಸುಳ್ಳು ಹೇಳಿದ್ದು ಆಮೇಲೆ ಬ್ಯಾಗ್ ಎಕ್ಸ್-ರೇಯಲ್ಲಿ ಕಂಡರೆ ದಂಡ. ಹೇಳಿದರೆ ಬಹುಪಾಲು ನೋಡಿ ಬಿಡುತ್ತಾರೆ, ಬೇಡದ್ದನ್ನು ತೆಗೆದು ಎಸೆಯುತ್ತಾರೆ, ಅಷ್ಟೇ.

ಈಗ ಪಾಸ್‌ಪೋರ್ಟ್ ಮೇಲೆ ಮುದ್ರೆ ಬೀಳದೆಯೂ ಇರಬಹುದು, ದಾಖಲೆ ಕಂಪ್ಯೂಟರಿನಲ್ಲಿ ಇರುತ್ತದೆ. ಮುದ್ರೆ ಹಾಕಿದರೆ ಅದರ ಮೇಲೆ ಎಫ್-1 ಎಂದು ಬರೆದಿದ್ದಾರಾ ಅಂತ ಅಲ್ಲೇ ನೋಡಿಕೊಳ್ಳಿ.

ಪಕ್ಕದ ಕೋಣೆಗೆ ಕಳಿಸಿದರೆ

ಕೆಲವರನ್ನು ಸೆಕೆಂಡರಿ ಅಂತ ಕರೆಯುವ ಇನ್ನೊಂದು ಕೋಣೆಗೆ ಕಳಿಸುತ್ತಾರೆ. ಪಾಸ್‌ಪೋರ್ಟ್ ಅವರ ಕೈಯಲ್ಲಿರುತ್ತದೆ, ನೀವು ಕುರ್ಚಿಯಲ್ಲಿ ಕೂತು ಹೆಸರು ಕರೆಯುವ ತನಕ ಕಾಯಬೇಕು. ಕೈಕಾಲು ತಣ್ಣಗಾಗುವುದು ಸಹಜ. ಆದರೆ ಅಲ್ಲಿಗೆ ಕಳಿಸಿದರು ಅಂದರೆ ತಪ್ಪು ಮಾಡಿದಿರಿ ಅಂತಲ್ಲ. ನಿಮ್ಮದೇ ಹೆಸರಿನ ಬೇರೆ ಯಾರದೋ ದಾಖಲೆ ಇರಬಹುದು, ಸೆವಿಸ್‌ನಲ್ಲಿ ಏನೋ ಹೊಂದದೆ ಇರಬಹುದು, ಒಂದು ಕಾಗದ ಕಡಿಮೆ ಇರಬಹುದು. ಬಹಳ ಮಂದಿ ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬರುತ್ತಾರೆ.

ನನಗೆ ಮುಂದೆ ವಿಮಾನ ಇದೆ, ಇಷ್ಟು ಗಂಟೆಗೆ, ಅಂತ ಒಮ್ಮೆ ತಿಳಿಸಿ. ಮತ್ತೆ ಮತ್ತೆ ಎದ್ದು ಹೋಗಿ ಕೇಳಬೇಡಿ. ಇಂಗ್ಲಿಷ್ ಸರಿಯಾಗಿ ಅರ್ಥವಾಗದಿದ್ದರೆ ದುಭಾಷಿ ಬೇಕು ಅಂತ ಕೇಳಬಹುದು. ವಿಶ್ವವಿದ್ಯಾಲಯದ ತುರ್ತು ಸಂಖ್ಯೆ ಬರೆದ ಹಾಳೆ ತೋರಿಸಿ, ಅವರಿಗೆ ಫೋನ್ ಮಾಡಿ ವಿಚಾರಿಸಿ ಅನ್ನಬಹುದು. ಭಾನುವಾರ ಇಳಿಯುವವರಿಗೆ ಆ ತುರ್ತು ಸಂಖ್ಯೆಯೇ ಗತಿ, ಕಚೇರಿ ಮುಚ್ಚಿರುತ್ತದೆ.

ಒಂದು ಕಾಗದ ಇಲ್ಲ ಅನ್ನುವ ಕಾರಣಕ್ಕೆ ಕೆಲವೊಮ್ಮೆ ಐ-515ಎ ಎಂಬ ನಮೂನೆ ಕೊಟ್ಟು 30 ದಿನಕ್ಕೆ ಒಳಗೆ ಬಿಡುತ್ತಾರೆ. ಅದು ಸಿಕ್ಕರೆ ಊರು ತಲುಪಿದ ಮಾರನೇ ದಿನವೇ ಡಿಎಸ್‌ಒ ಬಳಿ ಹೋಗಿ. 30 ದಿನದೊಳಗೆ ಕಾಗದ ಕಳಿಸದಿದ್ದರೆ ನಿಮ್ಮ ವಿದ್ಯಾರ್ಥಿ ಸ್ಥಾನವೇ ಹೋಗುತ್ತದೆ.

ಅಪರೂಪಕ್ಕೆ ಪ್ರವೇಶವನ್ನೇ ನಿರಾಕರಿಸುವ ಮಾತು ಬರಬಹುದು. ಆಗ ಕೊಟ್ಟ ಕಾಗದವನ್ನು ಓದದೆ ಸಹಿ ಹಾಕಬೇಡಿ. ನಾನಾಗಿಯೇ ಅರ್ಜಿ ಹಿಂತೆಗೆದುಕೊಂಡು ವಾಪಸ್ ಹೋಗುತ್ತೇನೆ ಅನ್ನುವುದು ಒಂದು ದಾರಿ. ತಕ್ಷಣ ಹೊರಹಾಕುವ ಆದೇಶ ಬೇರೆ, ಅದರ ಜೊತೆ 5 ವರ್ಷದ ನಿಷೇಧ ಬರುತ್ತದೆ. ಎರಡರಲ್ಲಿ ಯಾವುದು ಅಂತ ನೇರವಾಗಿ ಕೇಳಿ, ಮೊದಲನೆಯದಕ್ಕೆ ಅವಕಾಶ ಕೊಡಿ ಅಂತ ವಿನಂತಿಸಿ. ಕೊಡುವುದು ಬಿಡುವುದು ಅಧಿಕಾರಿಗೆ ಬಿಟ್ಟಿದ್ದು.

ಬ್ಯಾಗು, ಕಸ್ಟಮ್ಸ್, ಮತ್ತೆ ಬ್ಯಾಗು

ಕೌಂಟರ್ ದಾಟಿದ ಕೂಡಲೇ ಬ್ಯಾಗ್ ಬರುವ ಬೆಲ್ಟ್. ಪರದೆಯ ಮೇಲೆ ನಿಮ್ಮ ವಿಮಾನದ ಸಂಖ್ಯೆ ನೋಡಿ ಯಾವ ಬೆಲ್ಟ್ ಅಂತ ತಿಳಿಯಿರಿ. ಸಾಲಿನಲ್ಲಿ ತಡವಾಗಿದ್ದರೆ ಬ್ಯಾಗುಗಳನ್ನು ಬೆಲ್ಟ್‌ನಿಂದ ಇಳಿಸಿ ಪಕ್ಕದಲ್ಲಿ ಸಾಲಾಗಿ ಇಟ್ಟಿರುತ್ತಾರೆ, ಅಲ್ಲೂ ಹುಡುಕಿ. ಒಂದೇ ಬಣ್ಣದ ಸೂಟ್‌ಕೇಸುಗಳು ಹತ್ತಾರು ಇರುತ್ತವೆ, ಟ್ಯಾಗ್ ಮೇಲಿನ ಹೆಸರು ಓದಿಯೇ ಎತ್ತಿಕೊಳ್ಳಿ.

ಕಸ್ಟಮ್ಸ್‌ಗೆ ಈಗ ಹೆಚ್ಚಿನ ಕಡೆ ಕಾಗದದ ನಮೂನೆ ಇಲ್ಲ, ಬಾಯಲ್ಲೇ ಕೇಳುತ್ತಾರೆ. 10,000 ಡಾಲರ್‌ಗಿಂತ ಜಾಸ್ತಿ ನಗದು ಅಥವಾ ಟ್ರಾವೆಲರ್ಸ್ ಚೆಕ್ ಇದ್ದರೆ ಹೇಳಲೇಬೇಕು. ಒಯ್ಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು.

ಕಸ್ಟಮ್ಸ್ ಬಾಗಿಲು ದಾಟುತ್ತಲೇ ಬ್ಯಾಗ್ ಮತ್ತೆ ಒಪ್ಪಿಸುವ ಕೌಂಟರ್ ಇರುತ್ತದೆ. ಅಲ್ಲಿ ನಿಲ್ಲದೆ ತಳ್ಳುಗಾಡಿ ಸಮೇತ ಹೊರಗೆ ನಡೆದುಬಿಡುವವರು ಇದ್ದಾರೆ. ಆಮೇಲೆ ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಇನ್ನೊಂದು ಟರ್ಮಿನಲ್‌ನ ಚೆಕ್-ಇನ್ ಸಾಲಿನಲ್ಲಿ ನಿಲ್ಲಬೇಕು. ಕೊಡುವ ಮುಂಚೆ ಒಂದು ಕೆಲಸ ಮಾಡಿ. ಮುಂದೆ ಮತ್ತೆ ಸೆಕ್ಯುರಿಟಿ ಇದೆ. ವಿಮಾನದಲ್ಲಿ ಕೊಟ್ಟ ನೀರಿನ ಬಾಟಲಿ ಎಸೆಯಿರಿ, ಡ್ಯೂಟಿ ಫ್ರೀ ಅಂಗಡಿಯ ಸೆಂಟು, ಕ್ರೀಮು ಏನಿದ್ದರೂ ಸೂಟ್‌ಕೇಸಿಗೆ ಹಾಕಿ. ಬ್ಯಾಗ್ ನಿಮ್ಮ ಕೈಯಲ್ಲಿರುವುದು ಆ ಐದು ನಿಮಿಷ ಮಾತ್ರ.

ಆಮೇಲೆ ಟರ್ಮಿನಲ್ 5ರಿಂದ 1, 2 ಅಥವಾ 3ಕ್ಕೆ ಹೋಗುವ ಒಳರೈಲು. ಅದಕ್ಕೆ ದುಡ್ಡಿಲ್ಲ. ನಿಮ್ಮ ಮುಂದಿನ ವಿಮಾನ ಯಾವ ಟರ್ಮಿನಲ್ ಅಂತ ಪರದೆಯಲ್ಲಿ ಮತ್ತೆ ನೋಡಿ, ಬೋರ್ಡಿಂಗ್ ಪಾಸ್ ಮೇಲಿನ ಗೇಟ್ ಬದಲಾಗಿರಬಹುದು. ನ್ಯೂಯಾರ್ಕಿನ ಜೆಎಫ್‌ಕೆಯಲ್ಲಿ ಇಳಿದವರಿಗೂ ಇದೇ ಕ್ರಮ, ಅಲ್ಲಿ ಟರ್ಮಿನಲ್‌ಗಳ ನಡುವೆ ಏರ್‌ಟ್ರೇನ್ ಓಡುತ್ತದೆ, ಅದಕ್ಕೂ ಟಿಕೆಟ್ ಬೇಡ. ಸೆಕ್ಯುರಿಟಿ ದಾಟಿ ಗೇಟ್ ಸಿಕ್ಕ ಮೇಲೆ ವೈಫೈ ಹಿಡಿದು ಮನೆಗೆ ಒಂದು ಸಂದೇಶ ಹಾಕಿ. ಅಲ್ಲಿ ಅಮ್ಮ ನಿದ್ದೆ ಮಾಡಿರುವುದಿಲ್ಲ. ಮನೆಯವರಿಗೂ ಒಂದು ಮಾತು: ವಿಮಾನ ಇಳಿದು ಎರಡು ಮೂರು ಗಂಟೆ ಮಗನೋ ಮಗಳೋ ಫೋನ್ ಎತ್ತದಿದ್ದರೆ ಸಾಲಿನಲ್ಲಿದ್ದಾರೆ ಅಂತ ತಿಳಿಯಿರಿ.

ವಿಮಾನ ತಪ್ಪಿಯೇ ಹೋದರೆ? ಬ್ಯಾಗ್ ಒಪ್ಪಿಸುವ ಕಡೆಯೇ ವಿಮಾನ ಕಂಪನಿಯ ಕೌಂಟರ್ ಇರುತ್ತದೆ. ಇಮಿಗ್ರೇಷನ್‌ನಲ್ಲಿ ತಡವಾಯಿತು, ಒಂದೇ ಟಿಕೆಟ್, ಮುಂದಿನದರಲ್ಲಿ ಜಾಗ ಕೊಡಿ ಅಂತ ಕೇಳಿ. ಕಂಪನಿಯ ಆ್ಯಪ್ ಫೋನಿನಲ್ಲಿದ್ದರೆ ಎಷ್ಟೋ ಸಲ ಹೊಸ ವಿಮಾನ ಅದರಲ್ಲೇ ಬಂದಿರುತ್ತದೆ. ಬ್ಯಾಗೇ ಬರಲಿಲ್ಲ ಅಂದರೆ ಬೆಲ್ಟ್ ಪಕ್ಕದ ಕಂಪನಿ ಕಚೇರಿಯಲ್ಲಿ ದೂರು ಬರೆಸಿ, ದೂರಿನ ಸಂಖ್ಯೆ ಪಡೆದುಕೊಂಡೇ ಹೊರಡಿ. ಬ್ಯಾಗಿಗಾಗಿ ಕಾದು ಮುಂದಿನ ವಿಮಾನ ಕಳೆದುಕೊಳ್ಳಬೇಡಿ, ಅದು ಹಿಂದಿನಿಂದ ಮನೆಗೆ ಬರುತ್ತದೆ.

ಅಬುಧಾಬಿಯ ದಾರಿ

ಇದರಲ್ಲಿ ಬಹಳಷ್ಟನ್ನು ತಪ್ಪಿಸುವ ಒಂದು ದಾರಿ ಇದೆ. ಅಬುಧಾಬಿ ನಿಲ್ದಾಣದಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕೂತು ಇಮಿಗ್ರೇಷನ್, ಕಸ್ಟಮ್ಸ್ ಮುಗಿಸುತ್ತಾರೆ. ಅಲ್ಲಿಂದ ವಿಮಾನ ಹತ್ತಿದ ಮೇಲೆ ಅಮೆರಿಕದಲ್ಲಿ ದೇಶದೊಳಗಿನ ಪ್ರಯಾಣಿಕರ ಹಾಗೆ ಇಳಿಯುತ್ತೀರಿ. ಟೊರೊಂಟೊ, ವ್ಯಾಂಕೂವರ್, ಡಬ್ಲಿನ್‌ನಲ್ಲೂ ಈ ವ್ಯವಸ್ಥೆ ಇದೆ. ಬೆಂಗಳೂರಿನಿಂದ ಒಬ್ಬರೇ ಮೊದಲ ಸಲ ಹೊರಟವರಿಗೆ ನಾನು ಅಬುಧಾಬಿ ದಾರಿಯನ್ನೇ ಮೊದಲು ಸೂಚಿಸುತ್ತೇನೆ. ಕಾರಣ, ಏನಾದರೂ ತೊಡಕಾದರೂ ಊರಿನಿಂದ ನಾಲ್ಕು ಗಂಟೆಯ ದೂರದಲ್ಲಿರುತ್ತೀರಿ. ಆದರೆ ಅಂತರದ ನಿಯಮ ಇಲ್ಲಿಗೂ ಅನ್ವಯ. ಮೂರು ಗಂಟೆ ಬೇಕು, ಮತ್ತು ಅದು ಅಬುಧಾಬಿಯಲ್ಲಿ ಬೇಕು. ಅಲ್ಲಿ ಅಂಗಡಿ ಸುತ್ತುತ್ತ ಕಾಲ ಕಳೆಯದೆ ಇಳಿದ ಕೂಡಲೇ ಅಮೆರಿಕದ ತಪಾಸಣೆಯ ಗುರುತು ಹಿಡಿದು ನಡೆಯಿರಿ.

ಬೇರೆ ದೇಶಕ್ಕೆ ಹೊರಟವರಿಗೂ ಮೊದಲು ಇಳಿದ ಊರಿನ ನಿಯಮ ಒಂದೇ, ಬ್ಯಾಗಿನ ನಿಯಮ ಮಾತ್ರ ಬೇರೆ. ಫ್ರಾಂಕ್‌ಫರ್ಟ್ ಮೂಲಕ ಹ್ಯಾಂಬರ್ಗ್‌ಗೆ ಹೋಗುವವರ ಪಾಸ್‌ಪೋರ್ಟ್ ಫ್ರಾಂಕ್‌ಫರ್ಟ್‌ನಲ್ಲಿ ನೋಡುತ್ತಾರೆ, ಬ್ಯಾಗ್ ಹ್ಯಾಂಬರ್ಗ್‌ನಲ್ಲಿ ಸಿಗುತ್ತದೆ. ಕೆನಡಾದವರು ಇನ್ನೂ ಎಚ್ಚರ ವಹಿಸಬೇಕು. ಭಾರತದಲ್ಲಿ ಕೈಗೆ ಬಂದಿರುವುದು ಪರಿಚಯ ಪತ್ರ ಮತ್ತು ವೀಸಾ ಮಾತ್ರ. ಸ್ಟಡಿ ಪರ್ಮಿಟ್ ಕಾಗದವನ್ನು ಟೊರೊಂಟೊದಂಥ ಮೊದಲ ನಿಲ್ದಾಣದಲ್ಲೇ ಅಚ್ಚು ಹಾಕಿ ಕೊಡುತ್ತಾರೆ. ಅದನ್ನು ಪಡೆಯದೆ ಹ್ಯಾಲಿಫ್ಯಾಕ್ಸ್ ವಿಮಾನ ಹತ್ತಬೇಡಿ. ಹೆಸರು, ಹುಟ್ಟಿದ ದಿನ, ಮುಗಿಯುವ ತಾರೀಕು, ಕೆಲಸ ಮಾಡಬಹುದು ಅನ್ನುವ ಸಾಲು, ಎಲ್ಲವನ್ನೂ ಅಧಿಕಾರಿಯ ಮುಂದೆಯೇ ಓದಿ. ತಪ್ಪಿದ್ದರೆ ಅಲ್ಲೇ ತಿದ್ದಿಸುವುದು ಸುಲಭ, ಆಮೇಲೆ ತಿಂಗಳುಗಟ್ಟಲೆ ಅಲೆಯಬೇಕು.

ಊರು ತಲುಪಿದ ಮೇಲೆ

ನಿದ್ದೆ ಮಾಡಿ ಎದ್ದ ಮೇಲೆ ಸಿಬಿಪಿ, ಅಂದರೆ ಗಡಿಯಲ್ಲಿ ಇಮಿಗ್ರೇಷನ್, ಕಸ್ಟಮ್ಸ್ ನೋಡಿಕೊಳ್ಳುವ ಅಮೆರಿಕದ ಇಲಾಖೆ, ಅದರ ಜಾಲತಾಣದಲ್ಲಿ ನಿಮ್ಮ ಐ-94, ಅಂದರೆ ದೇಶದೊಳಗೆ ಬಂದದ್ದರ ದಾಖಲೆ, ತೆಗೆದು ನೋಡಿ. ಅದನ್ನು ನೋಡಲು ದುಡ್ಡು ಕೊಡಬೇಕಿಲ್ಲ. ದುಡ್ಡು ಕೇಳುವ ನಕಲಿ ಜಾಲತಾಣಗಳಿವೆ, ವಿಳಾಸ ಡಾಟ್ ಗವ್ ಎಂದು ಮುಗಿಯುತ್ತದೆಯಾ ಗಮನಿಸಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಬಂದ ದಿನ, ಎಫ್-1 ಎಂಬ ವರ್ಗ, ಎಷ್ಟು ದಿನ ಇರಬಹುದು ಅನ್ನುವ ಅವಧಿ, ಇವಿಷ್ಟೂ ಸರಿ ಇರಬೇಕು. ವರ್ಗದ ಜಾಗದಲ್ಲಿ ಪ್ರವಾಸಿಗರ ಬಿ-2 ಎಂದು ತಪ್ಪಿ ಬಿದ್ದಿದ್ದರೆ ಅದೇ ದಿನ ಡಿಎಸ್‌ಒಗೆ ತಿಳಿಸಿ. ಸಿಬಿಪಿಯ ತಿದ್ದುಪಡಿ ಕಚೇರಿಗೆ ಯಾವ ಕಾಗದ ಒಯ್ಯಬೇಕು ಅಂತ ಅವರು ಹೇಳುತ್ತಾರೆ. ಐ-94ರ ಒಂದು ಪ್ರತಿ ಅಚ್ಚು ಹಾಕಿ ಐ-20 ಜೊತೆ ಇಡಿ. ಸೋಶಿಯಲ್ ಸೆಕ್ಯುರಿಟಿ ನಂಬರ್‌ಗೂ ಡ್ರೈವಿಂಗ್ ಲೈಸೆನ್ಸ್‌ಗೂ ಅದನ್ನು ಕೇಳುತ್ತಾರೆ.

ಕ್ಯಾಂಪಸ್ಸಿನ ವಿದೇಶಿ ವಿದ್ಯಾರ್ಥಿ ಕಚೇರಿಗೆ ಹೋಗಿ ಬಂದಿದ್ದೇನೆ ಅಂತ ಹೆಸರು ಬರೆಸಿ, ಸ್ಥಳೀಯ ವಿಳಾಸ ಕೊಡಿ. ಕೋರ್ಸ್ ಶುರುವಾಗಿ 30 ದಿನದೊಳಗೆ ಅವರು ಸೆವಿಸ್‌ನಲ್ಲಿ ನಿಮ್ಮನ್ನು ದಾಖಲಿಸಬೇಕು. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸವನ್ನು ಅದೇ ಕಚೇರಿಗೆ ತಿಳಿಸಿ.